ಹತ್ತು ಖಾನೆ

ಬಾಸಿಲ್‌ನ ಅಂಗಡಿಗೆ ಹೊಸ ಕೇಸು ಬಂದರೆ
ಮೊದಲ ಪೀಸು ನನಗೆ. ಇಟ್ಟುಕೊಳ್ಳಲಿಕ್ಕಲ್ಲ, ಹಾಳು ಮಾಡಲಿಕ್ಕೆ.
"ಒಂದು ತಿಂಗಳು ಬಳಸು, ಏನಾಯಿತು ಹೇಳು,
ನೂರು ತರಿಸುವುದೋ ಬೇಡವೋ ಆಮೇಲೆ ನೋಡುವ."
ರೂವಿಯ ಗಲ್ಲಿಯಲ್ಲಿ ಅವನದ್ದು ಒಂದೇ ಶಟರು,
ನನ್ನದು ಅವನ ಸರಕು ಹೊರುವ ವ್ಯಾನಿನ ಸ್ಟಿಯರಿಂಗು.

ವರದಿ ಬರೆಯುವುದು ಹಳೆಯ ಬಿಲ್ ಪುಸ್ತಕದ ಹಿಂಬದಿಗೆ,
ಕನ್ನಡದಲ್ಲಿ. ಅವನಿಗೆ ಓದಲು ಬರುವುದಿಲ್ಲ;
ಹಾಗಾಗಿ ಸುಳ್ಳು ಬರೆಯುವ ಅಗತ್ಯ ಈವರೆಗೆ ಬಿದ್ದಿಲ್ಲ.

ರಟ್ಟಿನ ಮೇಲೆ ಛಾಪಿಸಿದ್ದಾರೆ: ಮಿಲಿಟರಿ ದರ್ಜೆ.
ಯಾವ ದೇಶದ ಮಿಲಿಟರಿ ಮಾರಾಯ್ರೇ?
ಚಿತ್ರದಲ್ಲಿ ಅದು ಮೇಜಿನಿಂದ ಬೀಳುತ್ತದೆ, ಕೆಳಗೆ ಜಮಖಾನ.
ನಮ್ಮಲ್ಲಿ ಮೇಜಿಲ್ಲ. ಬೀಳುವುದಾದರೆ ಮೇಲಿನ ಮಂಚದಿಂದ,
ಐದಡಿ ಎರಡಿಂಚು, ಕೆಳಗೆ ಬರಿ ಟೈಲು,
ಆಡಿ ಮುಗಿಸಿ, ಮುಚ್ಚಿ, ದಿಂಬಿನ ಪಕ್ಕ ಇಟ್ಟ ರೊಡೆಲ್
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಕೂಡಲೇ.
ಮೂರು ಸಲ ಬಿತ್ತು. ಮೂರನೇ ಸಲ ಮೂಲೆ ಜಜ್ಜಿತು,
ಒಳಗಿನ ಗಾಜಿಗೆ ಏನೂ ಆಗಲಿಲ್ಲ.
ತಿಲಕ್ ಎದ್ದು ಕೂತು ನೇಪಾಳಿಯಲ್ಲಿ ಬೈದ. ಅದನ್ನೂ ಬರೆದೆ.

ಬಿಸಿಲಿನ ಪರೀಕ್ಷೆಗೆ ಖರ್ಚಿಲ್ಲ.
ಜೂನು, ಸೂರ್ ಪಟ್ಟಣದ ಹಾದಿ, ಡ್ಯಾಶ್‌ಬೋರ್ಡು,
ಎಂಜಿನ್ ಬಂದ್ ಮಾಡಿ ನಾನು ಊಟಕ್ಕೆ ಹೋದ ಮುಕ್ಕಾಲು ಗಂಟೆ.
(ಒಳಗೆ ಯಂತ್ರ ಇಡಲಿಲ್ಲ. ತೂಕಕ್ಕೆ ಒಂದು ಪೊಟ್ಟಣ ಖರ್ಜೂರ.)
ಬಂದು ನೋಡಿದರೆ ಅಂಟು ಬಿಟ್ಟು ಒಳಬಟ್ಟೆ ಎದ್ದಿತ್ತು,
ದೋಸೆ ಕಾವಲಿ ಬಿಟ್ಟ ಹಾಗೆ, ಅಂಚಿನಿಂದ.
ಖರ್ಜೂರ ಮೆತ್ತಗಾಗಿ ರುಚಿ ಏರಿತ್ತು.

ಜಿಪ್ಪಿನ ಶತ್ರು ನೆಲವಲ್ಲ, ಮರಳು.
ಜರಡಿ ಹಿಡಿದ ಹಿಟ್ಟಿನಂಥದ್ದು, ಹಲ್ಲುಹಲ್ಲಿನ ನಡುವೆ ಕೂರುತ್ತದೆ.
ಮೇಣದಬತ್ತಿ ಉಜ್ಜಿದರೆ ಎರಡು ದಿನ ಸರಿ.

'ಕವಚ' ಎಂದು ಬರೆದು ಹೊಡೆದುಹಾಕಿದೆ.
ಕವಚ ಅಂದರೆ ಮೈಯೊಡನೆ ಹುಟ್ಟುವುದು,
ಯಾರೋ ಬೇಡಿಕೊಂಡು ಬಂದರೆ ಸುಲಿದು ಕೊಡುವುದು.
ಇದು ಮೂರೂವರೆ ರಿಯಾಲಿನ ಡಬ್ಬಿ. ಡಬ್ಬಿ ಅಂತಲೇ ಬರೆದೆ.

ಇನ್ನು ಒಳಗೆ, ಗೇಮ್ ಕಾರ್ಡಿಗೆಂದು ಹತ್ತು ಖಾನೆ.
ಇದ್ದದ್ದು ಎರಡು ಗೇಮು:
ಕಾರು ಓಡಿಸುವುದು ನನ್ನದು,
ಹಗಲಿಡೀ ಓಡಿಸಿ ಬಂದು ರಾತ್ರಿಯೂ ಅದನ್ನೇ, ನಗಬೇಡಿ;
ಮೀನು ಹಿಡಿಯುವುದು ರೊಡೆಲ್‌ನದ್ದು.
ಉಚ್ಚಿಲದ ಜಯಕರ ಬಗ್ಗಿ ನೋಡಿ ಕೇಳಿದ, ಇದೆಂತ ಬಲೆ?
ಉಳಿದ ಎಂಟು ಖಾಲಿ ಬಿಡುವುದುಂಟೆ?
ವಲೇರಿಯನ್ ಮೊದಲು ತಂದ, ತನ್ನ ಊರಿನ ಸಿಮ್ಮು.
ಬ್ಯಾಂಕಿನ ಓಟಿಪಿ ಬರುವ ದಿನ ಮಾತ್ರ ಬೇಕಾದದ್ದು,
ಹಿಂದೊಮ್ಮೆ ಪರ್ಸಿನಿಂದ ಜಾರಿ ಹೋಗಿ
ಹೊಸದಕ್ಕೆ ಹದಿನಾಲ್ಕು ತಿಂಗಳು, ರಜೆವರೆಗೆ ಕಾದಿದ್ದ.
ಆಮೇಲೆ ಜಯಕರ. ಭಟ್ಕಳದ ಇರ್ಷಾದ್. ಬೈದ ತಿಲಕ್ ಕೂಡ.
ಸಿಮ್ಮು ಸಣ್ಣದು, ಖಾನೆ ದೊಡ್ಡದು;
ಚಹಾ ಪೊಟ್ಟಣದ ರಟ್ಟು ಕತ್ತರಿಸಿ ಅಂಟಿಸಿ
ಒಂದೊಂದರ ಮೇಲೂ ಹೆಸರು ಬರೆದೆವು.
ಎಂಟು ಮನೆಯ ನಂಬರುಗಳು, ರಿಂಗಾಗದೆ, ಸಾಲಾಗಿ.

ಶುಕ್ರವಾರ ರೊಡೆಲ್ ಯಂತ್ರ ಮಾರಿದ, ತಂಗಿಯ ಫೀಸಿಗೆ.
ಮೀನೂ ಅದರ ಜೊತೆಗೇ ಹೋಯಿತು.
ಕೊಳ್ಳಲು ಬಂದ ಹುಡುಗ, ಕೇಸೂ ಸೇರಿಸಿಯಲ್ಲವಾ ಎಂದ.
ಕೋಣೆಯಲ್ಲಿ ಫ್ಯಾನು ಮಾತ್ರ ತಿರುಗಿತು.
ರೊಡೆಲ್ ಅಂದ: ಎರಡು ರಿಯಾಲು ಕಡಿಮೆ ಕೊಡು. ಕೇಸ್ ಇಲ್ಲ.

ಬಾಸಿಲ್ ಕೇಳಿದ, ಹೇಗುಂಟು?
ಬಿಲ್ ಪುಸ್ತಕ ನೋಡಿಕೊಂಡು ಹರಕು ಮಲಯಾಳದಲ್ಲಿ ಓದಿದೆ:
ಅಂಟು ಸಾಲದು. ಜಿಪ್ಪು ಬದಲಿಸಲಿ. ಬಿದ್ದರೆ ತಡೆಯುತ್ತದೆ.
ತರಿಸು, ಆದರೆ ಹನ್ನೆರಡು ಖಾನೆಯದ್ದು ಸಿಕ್ಕರೆ ಅದನ್ನೇ.
"ಅಷ್ಟು ಗೇಮು ಯಾರ ಹತ್ತಿರ ಇರುತ್ತದೆ?" ಎಂದು ನಕ್ಕ.

ಮೊನ್ನೆ ಕೋಣೆಗೆ ಇನ್ನಿಬ್ಬರು ಬಂದಿದ್ದಾರೆ.
ಖಾಲಿ ಇರುವ ಖಾನೆ ಒಂದು.
ಇನ್ನೊಂದರಲ್ಲಿ ನನ್ನ ಕಾರು ಉಂಟು.